ನಾಲ್ಕು ಮೂಲೆಯ ಹೂವು



ನಮ್ಮ ಹನುಮಸಾಗರದ ಕಡೆ ಮಾನವಮಿ ಹಬ್ಬ ಸಮೀಪಿಸಿತೆಂದರೆ ಹೆಂಗಸರು ಮನೆಯ ಕೌದಿಗಳನ್ನೆಲ್ಲ ಹೊರೆ ಕಟ್ಟಿಕೊಂಡು ಹಳ್ಳಕ್ಕೆ ಹೋಗಿ, ಬಂಡೆಗೆ ಬಡಿಬಡಿದು ಒಗೆದು, ಬೇಲಿಯ ಮೇಲೂ ಬಣವೆಯ ಮೇಲೂ ಬಿಸಿಲಿಗೆ ಕಾದ ಹಾಸುಗಲ್ಲುಗಳ ಮೇಲೂ ಹರವುವ ರೂಢಿಯು ಇನ್ನೂ ಪೂರ್ತಿಯಾಗಿ ಅಳಿದಿಲ್ಲ. ನಾನು ಚಿಕ್ಕವಳಿದ್ದಾಗ ಆ ದಿನ ಹಳ್ಳದ ದಂಡೆಯಲ್ಲಿ ಒಂದು ಸುತ್ತು ಬಂದವರಿಗೆ ಊರಿನ ಸಂಸಾರಗಳ ಸಂಗತಿಯೆಲ್ಲ ಕೇಳದೆಯೇ ತಿಳಿದುಹೋಗುತ್ತಿತ್ತು. ಯಾರ ಮನೆಯಲ್ಲಿ ಇಳಕಲ್ಲ ಸೀರೆಯನ್ನು ಸೆರಗು ಹರಿಯುವ ತನಕ ಉಟ್ಟರು, ಯಾರ ಮನೆಯಲ್ಲಿ ಗುಳೇದಗುಡ್ಡದ ಖಣ ಮಾಸುವ ಮೊದಲೇ ತೇಪೆಯಾಯಿತು, ಯಾರ ಮನೆಯ ಧೋತರಗಳಿಗೆ ಉಡುವವನು ಇಲ್ಲದೆ ಹೋದನು ಎಂಬುದೆಲ್ಲವೂ ಅಲ್ಲಿ ಬಿಸಿಲಿನಲ್ಲಿ ಬಿದ್ದಿರುತ್ತಿತ್ತು. ನನ್ನ ಅಜ್ಜಿ ತನ್ನ ಕೌದಿಯ ತೇಪೆಗಳನ್ನು ಒಂದೊಂದಾಗಿ ಮುಟ್ಟಿ, “ಇದು ನಿಮ್ಮವ್ವನ ಮದವಿ ಸೀರಿ, ಇದು ತೀರಿಕೊಂಡ ನಿಮ್ಮ ಕಾಕಾನ ಅಂಗಿ” ಎಂದು ನನಗೆ ಪರಿಚಯ ಮಾಡಿಕೊಡುತ್ತಿದ್ದಳು. ಹೊಲಿಗೆ ಮುಗಿಯುವಾಗ ನಟ್ಟನಡುವಿನ ಕೊನೆಯ ತೇಪೆಯನ್ನು ಮುಚ್ಚುವ ಮುನ್ನ ಅದರೊಳಗೆ ನಾಲ್ಕು ಕಾಳು ಜೋಳ ಹಾಕಿ, ಕೌದಿಯ ಹೊಟ್ಟೆ ತುಂಬಿರಬೇಕು ಎನ್ನುತ್ತಿದ್ದಳು. ಇಷ್ಟಾಗಿಯೂ ಅದನ್ನು ನಾವಾರೂ ಕಲೆಯೆಂದು ಕರೆದುದಿಲ್ಲ. ಕಲೆಯೆಂದರೆ ಗೋಡೆಗೆ ತೂಗುಹಾಕಿದ ರಾಜಾ ರವಿವರ್ಮನ ಸರಸ್ವತಿ, ಕೌದಿಯೆಂದರೆ ಚಳಿ.

ಈ ನಮ್ಮ ಕೌದಿಗೆ ಸೋದರಿಯಾದ ಇನ್ನೊಂದು ವಸ್ತುವಿನ ವಿಷಯವಾಗಿ ಇಂದು ನಾಲ್ಕು ಮಾತು ಹೇಳಬೇಕೆಂದು ಬಂದಿದ್ದೇನೆ. ಅದರ ಹೆಸರು ಕವಂದಿ. ಅದನ್ನು ಹೊಲಿಯುವವರು ಉತ್ತರ ಕನ್ನಡದ ಹಳಿಯಾಳ, ಯಲ್ಲಾಪುರ, ಮುಂಡಗೋಡ, ಅಂಕೋಲಾ ತಾಲ್ಲೂಕುಗಳ ಕಾಡಂಚಿನಲ್ಲಿಯೂ, ಆಚೀಚಿನ ಖಾನಾಪುರ ಕಲಘಟಗಿಗಳಲ್ಲಿಯೂ ನೆಲಸಿರುವ ಸಿದ್ದಿ ಹೆಣ್ಣುಮಕ್ಕಳು. ಇವರ ಪೂರ್ವಿಕರಲ್ಲಿ ಬಹುಮಂದಿ ಆಫ್ರಿಕಾ ಖಂಡದ ಪೂರ್ವತೀರದಿಂದ ಪೋರ್ತುಗೀಸರ ಹಡಗುಗಳಲ್ಲಿ ಗೋವೆಗೆ ಗುಲಾಮರಾಗಿ ಬಂದಿಳಿದು, ಒಡೆಯರ ಹಿಂಸೆಯನ್ನು ತಾಳಲಾರದೆ ಘಟ್ಟವನ್ನೇರಿ ಕಾಡುಸೇರಿದವರು. ಗೋವೆಯು ಪೋರ್ತುಗೀಸರ ವಶವಾದುದು 1510ರಲ್ಲಿ. ಅವರ ಸಾಮ್ರಾಜ್ಯದಲ್ಲಿ ಗುಲಾಮಗಿರಿಯು ಕಾಯಿದೆಯ ಬಲದಿಂದ ಕೊನೆಗೊಂಡುದು 1869ರಲ್ಲಿ. ನಡುವಿನ ಮುನ್ನೂರೈವತ್ತಕ್ಕೂ ಮಿಕ್ಕ ವರ್ಷಗಳಲ್ಲಿ ಹುಟ್ಟಿದೂರಿನ ಹೆಸರು ಹೋಯಿತು, ಕುಲದ ಹೆಸರು ಹೋಯಿತು, ತಾಯಿ ಆಡಿದ ಮಾತು ಹೋಯಿತು. ಇಂದು ಅವರು ಮನೆಯಲ್ಲಿ ಒಂದು ಬಗೆಯ ಕೊಂಕಣಿಯನ್ನೂ, ಸಂತೆಯಲ್ಲಿ ಕನ್ನಡವನ್ನೂ, ಅಲ್ಲಲ್ಲಿ ಮರಾಠಿ ಉರ್ದುಗಳನ್ನೂ ಆಡುತ್ತಾರೆ; ಹಿಂದೂಗಳಾಗಿಯೂ ಕ್ರೈಸ್ತರಾಗಿಯೂ ಮುಸಲ್ಮಾನರಾಗಿಯೂ ಮೂರು ದಾರಿಗಳಲ್ಲಿ ದೇವರನ್ನು ಅರಸುತ್ತಾರೆ. ಕಳೆದುಹೋಗದೆ ಉಳಿದದ್ದು ಮೈಬಣ್ಣ, ತಲೆಗೂದಲು, ಡಮಾಮಿಯೆಂಬ ಚರ್ಮವಾದ್ಯದ ತಾಳ.

ಕೃಷ್ಣೆ ತುಂಗಭದ್ರೆಯರ ನಡುವಿನ ನಮ್ಮ ಸೀಮೆಯವರಿಗೆ ಈ ಜನರು ತೀರ ಅಪರಿಚಿತರೆಂದು ಹೇಳಲಾಗದು. ವಿಜಾಪುರದ ಮಹಮ್ಮದ ಆದಿಲಶಹನ ದರ್ಬಾರಿನಲ್ಲಿ ಸರ್ವಾಧಿಕಾರಿಯಂತೆ ಮೆರೆದ ಇಖ್ಲಾಸಖಾನನು ಸಿದ್ದಿ. ಅದೇ ಹದಿನೇಳನೆಯ ಶತಮಾನದಲ್ಲಿ ಅದವಾನಿಯನ್ನು ಆಳಿದ ಸಿದ್ದಿ ಮಸೂದನ ಕಾಲದ ಜಾಮಾ ಮಸೀದಿಯು ಇಂದಿಗೂ ಅಲ್ಲಿ ನಿಂತಿದೆ. ಈ ಇಖ್ಲಾಸಖಾನನ ಮುಖವನ್ನು ನಾವು ಇಂದೂ ನೋಡಬಹುದು. 1645ರ ಸುಮಾರಿಗೆ ಹೈದರ ಅಲಿ, ಇಬ್ರಾಹಿಂ ಖಾನ ಎಂಬಿಬ್ಬರು ಕೂಡಿ ಬರೆದ ಒಂದು ಪಟದಲ್ಲಿ ಸುಲ್ತಾನನು ಆನೆಯನ್ನೇರಿದ್ದಾನೆ. ಅವನ ಬೆನ್ನಿಗೆ, ಅದೇ ಆನೆಯ ಮೇಲೆ, ಕಪ್ಪು ಮೈಯ ಆ ಮಂತ್ರಿಯೂ ಕುಳಿತಿದ್ದಾನೆ. ಚಿತ್ರಕಾರರು ಅವನ ಬಣ್ಣವನ್ನು ತಿಳಿಮಾಡಲು ಹೋಗಿಲ್ಲ. ಅಧಿಕಾರವುಳ್ಳವನ ಕಪ್ಪು ಕಣ್ಣಿಗೆ ಚುಚ್ಚುವುದಿಲ್ಲವೆಂದು ಕಾಣುತ್ತದೆ. ಆದರೆ ಅವನ ತಾಯಿಯ ಪಟವನ್ನು ಯಾರು ಬರೆದರು? ಗೋವೆಯ ಒಡೆಯರ ಅಡಿಗೆಮನೆಗಳಲ್ಲಿ ಬೂದಿ ಬಳಿದ ಹೆಂಗಸಿನ ಮುಖವನ್ನು ಯಾವ ಕುಂಚವು ಲಕ್ಷ್ಯಕ್ಕೆ ತಂದುಕೊಂಡಿತು? ಗಂಡಸು ಖಡ್ಗ ಹಿಡಿದು ಪರರ ಚಿತ್ರದೊಳಕ್ಕೆ ನುಗ್ಗಿದನು. ಹೆಂಗಸು ಸೂಜಿ ಹಿಡಿದು ತನ್ನ ಚಿತ್ರವನ್ನು ತಾನೇ ಮಾಡಿಕೊಳ್ಳಬೇಕಾಯಿತು. ಕವಂದಿಯನ್ನು ನಾನು ಹಾಗೆ ನೋಡುತ್ತೇನೆ.

ಇಲ್ಲಿ ನನ್ನದೇ ಒಂದು ಮಾತನ್ನು ನಡುವೆ ಸೇರಿಸುವುದಕ್ಕೆ ಕ್ಷಮೆಯಿರಲಿ. ನಮ್ಮ ಊರಿನ ಸುತ್ತ ಎರೆಭೂಮಿಯೂ ಉಂಟು, ಮಸಾರಿಯೂ ಉಂಟು. ಎರೆಹೊಲವುಳ್ಳವನು ಅದರ ಕಪ್ಪನ್ನು ವರ್ಣಿಸುವುದನ್ನು ನೀವು ಕೇಳಬೇಕು; ಹಿಂಡಿದರೆ ಎಣ್ಣೆ ಸುರಿದೀತು ಎನ್ನುವಂತೆ ಮಾತನಾಡುತ್ತಾನೆ. ನಮ್ಮ ನಾಡಿನ ಹೆಸರೇ ಕರಿಯ ನಾಡು, ಕರಿಮಣ್ಣಿನ ನಾಡು ಎಂಬುದರಿಂದ ಬಂದಿತೆಂದು ವಾದಿಸಿದ ವಿದ್ವಾಂಸರಿದ್ದಾರೆ. ಮಹಾಭಾರತದ ದ್ರೌಪದಿಗೆ ಕೃಷ್ಣೆಯೆಂಬ ನಾಮವು ಸಂದುದು ಅವಳ ಶ್ಯಾಮಲ ವರ್ಣದಿಂದಲೇ. ಇಷ್ಟೆಲ್ಲ ಬಲ್ಲ ನಾವು ಮಗನಿಗೆ ಕನ್ಯೆ ನೋಡಲು ಹೊರಟಾಗ ಮಾತ್ರ ಎರೆಯನ್ನು ಮರೆತು ಸುಣ್ಣದ ಗೋಡೆಯನ್ನು ಹುಡುಕುತ್ತೇವೆ. ನಾನು ಓದಿದ ಶಾಲೆಯೊಂದರಲ್ಲಿ ರಾಮಾಯಣದ ನಾಟಕವಾಡಿದಾಗ, ಸೀತೆಯ ಮಾತುಗಳೆಲ್ಲ ನನಗೆ ಬಾಯಿಪಾಠವಾಗಿದ್ದರೂ, “ನಿನಗ ಬಣ್ಣದ ಖರ್ಚ ಇಲ್ಲ” ಎಂದು ನಗುತ್ತ ನನಗೆ ಶೂರ್ಪಣಖಿಯ ವೇಷವನ್ನು ಕೊಟ್ಟರು. ನಾನು ಚೆನ್ನಾಗಿಯೇ ಅಭಿನಯಿಸಿದೆನೆಂದು ಎಲ್ಲರೂ ಹೊಗಳಿದರು. ಆ ಹೊಗಳಿಕೆಯನ್ನು ನಾನು ಈವರೆಗೂ ಪೂರ್ತಿಯಾಗಿ ನುಂಗಿಲ್ಲ. ಒಂದು ನಾಟಕದ ಮಟ್ಟಿಗೆ ನನಗಾದುದು ಇಷ್ಟಾದರೆ, ಬಸ್ಸು ಹತ್ತಿದಲ್ಲೆಲ್ಲ, ಸಂತೆಗೆ ಇಳಿದಲ್ಲೆಲ್ಲ, ತಾನು ಹುಟ್ಟಿ ಬೆಳೆದ ಜಿಲ್ಲೆಯಲ್ಲಿಯೇ ‘ನೀವು ಯಾವ ದೇಶದವರು’ ಎಂಬ ಪ್ರಶ್ನೆಗೆ ಉತ್ತರ ಕೊಡಬೇಕಾದ ಸಿದ್ದಿ ಹೆಣ್ಣುಮಗಳಿಗೆ ಪ್ರತಿದಿನವೂ ಆಗುತ್ತಿರುವುದೆಷ್ಟು ಎಂಬುದನ್ನು ಊಹಿಸಬಲ್ಲೆನೇ ಹೊರತು ಬಲ್ಲೆನೆನ್ನಲಾರೆನು.

ಕೆಲವು ವರ್ಷಗಳ ಕೆಳಗೆ, ಬೇಸಗೆಯ ರಜೆಯಲ್ಲಿ, ಮುಂಡಗೋಡ ತಾಲ್ಲೂಕಿನಲ್ಲಿ ಉಪಾಧ್ಯಾಯಿನಿಯಾಗಿದ್ದ ನನ್ನ ಗೆಳತಿಯೊಬ್ಬಳು ನನ್ನನ್ನು ಕಾಡಂಚಿನ ಒಂದು ಸಿದ್ದಿ ಕೇರಿಗೆ ಕರೆದುಕೊಂಡು ಹೋದಳು. ತೇಗದ ಎಲೆಗಳು ಉದುರಿ ನೆಲವೆಲ್ಲ ಚರಚರ ಎನ್ನುತ್ತಿದ್ದ ಕಾಲ. ಸಗಣಿ ಸಾರಿಸಿದ ಜಗುಲಿಯ ಮೇಲೆ ವಯಸ್ಸಾದ ಹೆಂಗಸೊಬ್ಬಳು ಕಾಲು ನೀಡಿ ಕುಳಿತು, ತೊಡೆಯ ಮೇಲೆ ಅರ್ಧವಾದ ಕವಂದಿಯನ್ನು ಹರವಿಕೊಂಡು, ಬಗಲಿನಲ್ಲಿ ಹರಕು ಬಟ್ಟೆಯ ಗಂಟನ್ನಿಟ್ಟುಕೊಂಡಿದ್ದಳು. ನಮ್ಮನ್ನು ಕಂಡು ಏಳಲು ಹೋದವಳನ್ನು ತಡೆದು ನಾನೂ ಎದುರಿಗೆ ಕುಳಿತೆ. ಮಳೆ ಹಿಡಿಯುವುದರೊಳಗೆ ಇದನ್ನು ಮುಗಿಸಬೇಕು, ಆಮೇಲೆ ಒಗೆದರೆ ಒಣಗುವುದಿಲ್ಲ ಎಂದು ಹೇಳಿ ಅವಳು ಮತ್ತೆ ಸೂಜಿಗೆ ತೊಡಗಿದಳು.

ನಮ್ಮಲ್ಲಿ ಕೌದಿಗೆ ಹಳೆಯ ಸೀರೆಯನ್ನು ಹರವುವಂತೆ ಅವಳೂ ಒಂದು ಸೀರೆಯನ್ನು ಅಡಿಗೆ ಹಾಸಿದ್ದಳು. ಆದರೆ ಗೆರೆ ಎಳೆದುಕೊಂಡಿರಲಿಲ್ಲ, ಅಳತೆಯ ದಾರ ಹಿಡಿದಿರಲಿಲ್ಲ. ಒಂದು ಮೂಲೆಯಲ್ಲಿ ಆರಂಭಿಸಿ, ಅಂಚುಗುಂಟ ತೇಪೆಯ ಬದಿಗೆ ತೇಪೆಯನ್ನಿಟ್ಟು, ಅದರ ಹೊರತುದಿಯನ್ನು ಒಳಕ್ಕೆ ಮಡಚಿ, ಬಿಳಿಯ ದಾರದಿಂದ ಎದ್ದೆದ್ದು ಕಾಣುವ ಓಟದ ಹೊಲಿಗೆ ಹಾಕುತ್ತ, ನಾಲ್ಕೂ ಅಂಚುಗಳನ್ನು ಸುತ್ತಿ ಬಂದು, ಮೊದಲ ಸುತ್ತಿನ ಒಳಮಗ್ಗುಲಿಗೆ ಎರಡನೆಯ ಸುತ್ತು, ಅದರ ಒಳಗೆ ಮೂರನೆಯದು, ಹೀಗೆ ಹೊರಗಿನಿಂದ ಒಳಗೆ ಸಾಗುವುದು ಅವರ ಕ್ರಮ. ಹೊಲಿಗೆಯ ಸಾಲುಗಳು ಒಂದರ ಬೆನ್ನಿಗೊಂದು, ಕಿರುಬೆರಳಿನ ಅಗಲಕ್ಕೂ ಕಡಿಮೆಯ ಅಂತರದಲ್ಲಿ ಸುತ್ತುತ್ತ ಹೋಗಿ, ಬಟ್ಟೆಯ ಮೇಲೆ ಕೈಯಾಡಿಸಿದರೆ ಉತ್ತ ಹೊಲದ ಮೇಲೆ ಅಂಗೈಯಿಟ್ಟಂತೆ ಆಗುತ್ತಿತ್ತು. ಮುಂದಿನ ತೇಪೆ ಯಾವುದೆಂಬುದು ಗಂಟಿನೊಳಗೆ ಕೈಹಾಕುವ ತನಕ ಅವಳಿಗೂ ತಿಳಿದಿರಲಿಲ್ಲ. ಒಮ್ಮೆ ಹಸುರು ಬಂತು; ಹಚ್ಚಿ ನೋಡಿ, ತಲೆಯನ್ನು ಹಿಂದಕ್ಕೆ ವಾಲಿಸಿ, ಬಾಯಲ್ಲಿ ಲೊಚ್ಚೆಂದು ಸದ್ದು ಮಾಡಿ ತೆಗೆದೊಗೆದಳು. ಆಮೇಲೆ ಸಿಕ್ಕಿದ್ದು ಯಾರದೋ ಶಾಲೆಯ ಅಂಗಿಯ ನೀಲಿ. ಅದನ್ನು ಅರಿಸಿನ ಬಣ್ಣದ ಬದಿಗಿಟ್ಟು, ಅದರ ತಲೆಯ ಮೇಲೆ ಹೆಬ್ಬೆರಳಿನಷ್ಟು ಕೆಂಪು ಚೂರೊಂದನ್ನು ಹಚ್ಚಿದಳು. ಆ ಕೆಂಪಿನಿಂದ ಬೆಚ್ಚಗೆ ಆಗುವುದಂತೂ ಇಲ್ಲ. ಅದು ಕೇವಲ ಕಣ್ಣಿಗೆ.

“ಮೊದಲ ಏನರ ಬರಕೊಂಡಿರತೀರೇನವ್ವಾ?” ಎಂದು ನಾನು ಕೇಳಿದೆ.

“ಏನ್ ಬರಕೊಳ್ಳೂದ್ರಿ ಅಕ್ಕಾರ, ಕೈ ಹೋದಂಗ ಹೊಕ್ಕೈತಿ,” ಎಂದವಳು ಸ್ವಲ್ಪ ಹೊತ್ತು ಸುಮ್ಮನಿದ್ದು, “ಆದ್ರ ನನ್ನ ಕೈ ಹೋದಂಗ ಅಕೀ ಕೈ ಹೋಗಂಗಿಲ್ಲ,” ಎಂದು ಎದುರುಮನೆಯ ಕಡೆಗೆ ಗದ್ದವನ್ನೆತ್ತಿ ತೋರಿಸಿದಳು. ಎದುರುಮನೆಯ ಬೇಲಿಯ ಮೇಲೆ ಒಣಗುತ್ತಿದ್ದ ಕವಂದಿಯಲ್ಲಿ ತೇಪೆಗಳು ಸಣ್ಣಸಣ್ಣವು, ನಡುನಡುವೆ ಬಟ್ಟೆಯಿಂದ ಕತ್ತರಿಸಿದ ಶಿಲುಬೆಗಳು. ಇವಳದರಲ್ಲಿ ತೇಪೆಗಳೆಲ್ಲ ಅಂಗೈಯಗಲದವು, ಉದ್ದುದ್ದನೆಯವು. ಕಣ್ಣು ಮಂದವಾದಂತೆ ತೇಪೆ ದೊಡ್ಡದಾಗುತ್ತದೆ ಎಂದು ಅವಳೇ ನಕ್ಕಳು. ಮುಸಲ್ಮಾನ ಸಿದ್ದಿಗಳ ಮನೆಯಲ್ಲಿ ಶಿಲುಬೆಯಿರುವಲ್ಲಿ ಅರ್ಧಚಂದ್ರನು ಮೂಡುವುದುಂಟು. ಕೇರಿಯ ಹೆಂಗಸರಾದರೋ ಇಂಥ ಗುರುತುಗಳನ್ನು ನೋಡುವ ಗೊಡವೆಗೂ ಹೋಗುವುದಿಲ್ಲ. ಹತ್ತು ಕವಂದಿಗಳನ್ನು ರಾಶಿ ಹಾಕಿದರೆ, ಅಕ್ಷರವನ್ನು ನೋಡಿ ಬರೆದವರನ್ನು ಹೇಳುವಂತೆ, ಹೊಲಿಗೆಯನ್ನು ನೋಡಿಯೇ ಹೊಲಿದವಳನ್ನು ಹೇಳಿಬಿಡುತ್ತಾರೆ.

ಕೊನೆಗೆ ಬರುವುದು ಹೂವು. ಸುತ್ತುಸುತ್ತಾಗಿ ಒಳಗೆ ಬಂದ ಹೊಲಿಗೆಯು ನಡುಮಧ್ಯದಲ್ಲಿ ಮುಗಿದ ಮೇಲೆ, ಹಾಸಿಕೊಳ್ಳುವುದಕ್ಕಾಗಲಿ ಹೊದೆಯುವುದಕ್ಕಾಗಲಿ ಇನ್ನೇನೂ ಕೊರತೆಯಿಲ್ಲವೆನ್ನುವಾಗ, ಬಟ್ಟೆಯ ಚೂರುಗಳನ್ನು ತ್ರಿಕೋನವಾಗಿ ಮಡಚಿ, ಒಂದರ ಮೇಲೊಂದನ್ನು ಪದರಪದರವಾಗಿ ಕೂಡಿಸಿ, ನಾಲ್ಕು ಮೂಲೆಗಳಿಗೂ ಹೊಲಿಯುತ್ತಾರೆ. ಇದಕ್ಕೆ ಅವರು ಫೂಲಾ ಎನ್ನುತ್ತಾರೆ. ಇದರಿಂದ ಏನು ಉಪಯೋಗವೆಂದು ನಾನು ಕೇಳಿದುದು ದಡ್ಡತನವೆಂದು ನನಗೆ ಆ ಕ್ಷಣವೇ ತಿಳಿಯಿತು. ಹೂವಿಲ್ಲದ ಕವಂದಿ ಬತ್ತಲೆ ಇದ್ದಂತೆ ಎಂದು ಅವಳು ಹೇಳಿದಳು. ಮಾನ ಮುಚ್ಚಿಕೊಳ್ಳುವುದಕ್ಕೆಂದು ಇರುವ ಬಟ್ಟೆಗೇ ಒಂದು ಮಾನವಿದೆ, ಅದನ್ನೂ ಮುಚ್ಚಬೇಕು ಎಂಬ ಈ ಭಾವವನ್ನು ನಾನು ಅಲಂಕಾರಶಾಸ್ತ್ರದ ಯಾವ ಗ್ರಂಥದಲ್ಲಿಯೂ ಓದಿದವಳಲ್ಲ.

ಈ ಕಲೆಯು ಆಫ್ರಿಕೆಯಿಂದ ಬಂದುದೋ, ಇಲ್ಲಿಯ ಕೌದಿಯನ್ನು ನೋಡಿ ಕಲಿತುದೋ ಎಂಬ ಚರ್ಚೆ ಪಂಡಿತರಲ್ಲಿ ನಡೆದಿದೆ. ಬಣ್ಣಗಳ ಧೈರ್ಯದಲ್ಲಿಯೂ ಲಯದ ಓರೆತನದಲ್ಲಿಯೂ ಪಶ್ಚಿಮ ಸಮುದ್ರದಾಚೆಯ ನೆನಪನ್ನು ಕಾಣುವವರಿದ್ದಾರೆ. ದಖ್ಖಣದ ತುಂಬ ತೇಪೆಯ ಹೊದಿಕೆಗಳಿರುವಾಗ ಅಷ್ಟು ದೂರ ಹೋಗುವುದೇತಕ್ಕೆ ಎನ್ನುವವರೂ ಇದ್ದಾರೆ. ನನಗೆ ಈ ವಾದದಲ್ಲಿ ಅಷ್ಟಾಗಿ ಆಸಕ್ತಿಯಿಲ್ಲ. ಆ ಮುದುಕಿ ನನ್ನೊಡನೆ ಆಡಿದ್ದು ಕನ್ನಡವೇ; ಆದರೂ ಅದು ಹನುಮಸಾಗರದ ಕನ್ನಡವಲ್ಲ, ಅವಳ ಬಾಯಿಯ ಕನ್ನಡ. ಕೌದಿಯನ್ನೂ ಅವಳು ಹಾಗೆಯೇ ಉಚ್ಚರಿಸಿದ್ದಾಳೆ.

ಇದನ್ನು ಹೊರಲೋಕದ ಕಣ್ಣಿಗೆ ತಂದವರಲ್ಲಿ ಮುಖ್ಯರು ಅಮೆರಿಕದ ವಿಸ್ಕಾನ್ಸಿನ್ ವಿಶ್ವವಿದ್ಯಾಲಯದ ಹೆನ್ರಿ ಡ್ರೂವಾಲರೆಂಬ ಕಲಾಚರಿತ್ರಕಾರರು. ಆಫ್ರಿಕೆಯ ಕಲೆಯನ್ನು ಜೀವಮಾನವೆಲ್ಲ ಅಭ್ಯಾಸ ಮಾಡಿದ ಅವರು ಸಿದ್ದಿಗಳನ್ನರಸಿ ನಮ್ಮ ಘಟ್ಟಕ್ಕೆ ಬಂದು, ಕೇರಿಕೇರಿಗಳನ್ನು ತಿರುಗಿ, 2004ರಲ್ಲಿ ಕವಂದಿ ಹೊಲಿಯುವ ಹೆಂಗಸರದೊಂದು ಸಹಕಾರ ಸಂಘ ಏರ್ಪಡುವುದಕ್ಕೆ ನೆರವಾದರು. 2011ರಲ್ಲಿ ಈ ಕವಂದಿಗಳು ಸಮುದ್ರ ದಾಟಿ, ನ್ಯೂಯಾರ್ಕಿನ ಹಾರ್ಲೆಮ್ ಎಂಬ ಕರಿಯರ ಬಡಾವಣೆಯಲ್ಲಿರುವ ಷಾಂಬರ್ಗ್ ಸಂಶೋಧನ ಕೇಂದ್ರದ ಗೋಡೆಗಳನ್ನೇರಿದವು. ಹಡಗಿನಲ್ಲಿ ಮೂಡಣಕ್ಕೆ ಸಾಗಿಸಲ್ಪಟ್ಟವರ ಮೊಮ್ಮಕ್ಕಳ ಕೈಗೆಲಸವನ್ನು, ಹಡಗಿನಲ್ಲಿ ಪಡುವಣಕ್ಕೆ ಸಾಗಿಸಲ್ಪಟ್ಟವರ ಮೊಮ್ಮಕ್ಕಳು ನಿಂತು ನೋಡಿದರು.

ಆ ಪಡುವಣದ ಹೆಂಗಸರೂ ಸೂಜಿ ಹಿಡಿದವರೇ. ಜಾರ್ಜಿಯಾ ಪ್ರಾಂತದಲ್ಲಿ 1837ರಲ್ಲಿ ಗುಲಾಮಳಾಗಿ ಹುಟ್ಟಿದ ಹ್ಯಾರಿಯೆಟ್ ಪವರ್ಸ್ ಎಂಬಾಕೆ, ಬೈಬಲಿನ ಕಥೆಗಳನ್ನು ಬಟ್ಟೆಯ ಚೂರುಗಳಲ್ಲಿ ಕತ್ತರಿಸಿ ಹೊಲಿದ ಒಂದು ಕೌದಿಯನ್ನು 1886ರ ಹತ್ತಿಯ ಜಾತ್ರೆಯಲ್ಲಿ ಪ್ರದರ್ಶನಕ್ಕಿಟ್ಟಳು. ಚಿತ್ರಕಲೆಯ ಉಪಾಧ್ಯಾಯಿನಿಯೊಬ್ಬಳು ಅದನ್ನು ಕೊಳ್ಳಲು ಬಂದರೆ ಕೊಡಲೊಲ್ಲೆನೆಂದಳು. ಕೆಲವು ವರ್ಷಗಳ ಮೇಲೆ ಬಡತನವು ಒತ್ತಿದಾಗ, ಶುಭ್ರವಾದ ಹಿಟ್ಟಿನ ಚೀಲದಲ್ಲಿ ಸುತ್ತಿ, ಎತ್ತಿನ ಗಾಡಿಯಲ್ಲಿ ಅದನ್ನು ತಂದು, ಹತ್ತು ಡಾಲರು ಕೇಳಿ ಐದಕ್ಕೆ ಕೊಟ್ಟಳು. ಕೊಡುವ ಮುನ್ನ ಒಂದೊಂದು ಚಿತ್ರದ ಅರ್ಥವನ್ನೂ ವಿವರಿಸಿ ಹೇಳಿದಳು. ಕೊಟ್ಟ ಮೇಲೂ ಹಲವು ಸಾರಿ ಆ ಮನೆಗೆ ಹೋಗಿ ತನ್ನ ಕೌದಿಯನ್ನು ನೋಡಿಬಂದಳಂತೆ, ಮಗಳನ್ನು ಕೊಟ್ಟ ಮನೆಗೆ ತಾಯಿ ಹೋಗಿಬರುವ ಹಾಗೆ. ಅಲಬಾಮಾದ ಹೊಳೆಯ ತಿರುವಿನಲ್ಲಿರುವ ಜೀಸ್ ಬೆಂಡ್ ಎಂಬ ಹಳ್ಳಿಯ ಹೆಂಗಸರು ಹರಿದ ದುಡಿಮೆಯ ಬಟ್ಟೆಗಳಿಂದ ಹೊಲಿದ ಕೌದಿಗಳನ್ನು 2002ರಿಂದ ಅಮೆರಿಕದ ದೊಡ್ಡ ಮ್ಯೂಸಿಯಮ್ಮುಗಳು ಸಾಲಾಗಿ ತೂಗುಹಾಕಿದವು. ಇವರೆಲ್ಲರಿಗಿಂತ ಬುದ್ಧಿಪೂರ್ವಕವಾಗಿ ಈ ದಾರಿಯನ್ನು ಹಿಡಿದವರು, ಅದೇ ಹಾರ್ಲೆಮ್ಮಿನಲ್ಲಿ 1930ರಲ್ಲಿ ಹುಟ್ಟಿ 2024ರಲ್ಲಿ ತೀರಿಕೊಂಡ ಫೇತ್ ರಿಂಗೋಲ್ಡರು. ಎಣ್ಣೆಬಣ್ಣದಲ್ಲಿ ಪಳಗಿದ ಆ ಚಿತ್ರಕಾರ್ತಿ, ಗುಲಾಮಳಾಗಿದ್ದ ಪೂರ್ವಜೆಯೊಬ್ಬಳ ಕಾಲದಿಂದ ಮನೆತನದ ಹೆಣ್ಣುಗಳ ಕೈಯಲ್ಲಿ ಇಳಿದುಬಂದ ಹೊಲಿಗೆಯನ್ನು ತಾಯಿಯಿಂದ ಪಡೆದು, ಚಿತ್ರವನ್ನೂ ಕಥೆಯನ್ನೂ ಒಂದೇ ಕೌದಿಯ ಮೇಲೆ ಕೂಡಿಸಿದರು. 1983ರಲ್ಲಿ ಅವರು ಮಾಡಿದ ಮೊದಲ ಕಥೆಯ ಕೌದಿಯ ನಾಯಿಕೆ, ಅಲ್ಲಿ ಮಾರುತ್ತಿದ್ದ ಹಿಟ್ಟಿನ ಡಬ್ಬಿಯ ಮೇಲಿನ ಚಿತ್ರದಲ್ಲಿ ಹಲ್ಲುಕಿರಿಯುತ್ತ ನಿಂತಿದ್ದ ಕರಿಯ ಅಡಿಗೆಯವಳು. ರಿಂಗೋಲ್ಡರು ಅವಳನ್ನು ಡಬ್ಬಿಯಿಂದ ಇಳಿಸಿ, ಸ್ವಂತ ವ್ಯಾಪಾರ ನಡೆಸುವ ಸಂಸಾರವಂತೆಯನ್ನಾಗಿ ಮಾಡಿದರು. ನನ್ನ ಶೂರ್ಪಣಖಿಗೂ ಅಂಥವರೊಬ್ಬರು ಸಿಕ್ಕಿದ್ದರೆ ಎಂದು ಒಮ್ಮೊಮ್ಮೆ ಅನ್ನಿಸುವುದುಂಟು.

ಸಿದ್ದಿಗಳ ಸ್ಥಿತಿಗತಿಗಳಲ್ಲಿ ಕೆಲವು ಮಾರ್ಪಾಡುಗಳು ಆಗಿವೆ. ಉತ್ತರ ಕನ್ನಡದವರಿಗೆ 2003ರಲ್ಲಿಯೂ, ಬೆಳಗಾವಿ ಧಾರವಾಡಗಳವರಿಗೆ 2020ರಲ್ಲಿಯೂ ಪರಿಶಿಷ್ಟ ಪಂಗಡದ ಮಾನ್ಯತೆ ದೊರೆಯಿತು; ಅದೇ 2020ರಲ್ಲಿ ಶಾಂತಾರಾಮ ಸಿದ್ದಿಯವರು ವಿಧಾನ ಪರಿಷತ್ತನ್ನು ಪ್ರವೇಶಿಸಿದರು. ಹೆಗ್ಗೋಡಿನ ನೀನಾಸಮ್ಮಿನಲ್ಲಿ ಕಲಿತ ಗಿರಿಜಾ ಸಿದ್ದಿಯವರಂಥ ಹೆಣ್ಣುಮಕ್ಕಳು ರಂಗದ ಮೇಲೆ ತಮ್ಮದೇ ಮುಖ, ತಮ್ಮದೇ ಕಂಠದಿಂದ ನಿಂತಿದ್ದಾರೆ. ಕವಂದಿಗೂ ಪಟ್ಟಣಗಳಲ್ಲಿ ಗಿರಾಕಿಗಳು ಹುಟ್ಟಿದ್ದಾರೆ. ಅದು ಸಂತೋಷವೇ, ಸೂಜಿಯಿಂದ ನಾಲ್ಕು ಕಾಸು ಬಂದರೆ ಬೇಡವೆನ್ನಲು ನಾನು ಯಾರು? ಆದರೆ ಗಿರಾಕಿಯು ಬಂದಲ್ಲಿ ಅವನ ಮನೆಯ ಪರದೆಯ ಬಣ್ಣವೂ ಹಿಂಬಾಲಿಸಿ ಬರುತ್ತದೆ. ಬಣ್ಣ ಸ್ವಲ್ಪ ತಣ್ಣಗಿರಲಿ, ತೇಪೆಗಳು ಸಮನಾಗಿರಲಿ, ಹಳೆಯ ಬಟ್ಟೆ ಬೇಡ ಹೊಸದೇ ಇರಲಿ ಎಂಬ ಅಪೇಕ್ಷೆಗಳು ಒಂದೊಂದಾಗಿ ಕೇರಿಗೆ ಬಂದಿಳಿದಾವು. ಹೊಸ ಬಟ್ಟೆಯಲ್ಲಿ ಯಾರ ಅಂಗಿಯ ನೆನಪಿರುತ್ತದೆ? ಮೂಲೆಯ ಹೂವನ್ನು ತೆಗೆದರೆ ಮಡಚಿಡಲು ಅನುಕೂಲವೆಂದು ಹೇಳುವವನೂ ಒಂದು ದಿನ ಬರಬಹುದು.

ಆ ಸಿದ್ದಿ ಕೇರಿಯ ಜಗುಲಿಯಲ್ಲಿ ಕುಳಿತ ದಿನ ನಾನೂ ಒಬ್ಬ ಗಿರಾಕಿಯಂತೆಯೇ ವರ್ತಿಸಿದೆನೆಂದು ಒಪ್ಪಿಕೊಳ್ಳಬೇಕು. ಆ ಮುದುಕಿಯ ತೊಡೆಯ ಮೇಲಿನ ಕವಂದಿಯನ್ನು ಮುಗಿದ ಮೇಲೆ ನನಗೆ ಕೊಡುವೆಯಾ ಎಂದೆ. ಅದು ಮಗಳ ಬಾಣಂತನಕ್ಕೆ, ಮಾರುವುದಲ್ಲ ಎಂದಳು. ಸಂಕೋಚದಿಂದ ಮಾತು ತಿರುಗಿಸಿ, ಗೆಳತಿಯ ಮನೆಯಲ್ಲಿ ನಾನು ಭಾವಚಿತ್ರಗಳಲ್ಲಿ ಕಂಡಿದ್ದ ನ್ಯೂಯಾರ್ಕಿನ ಪ್ರದರ್ಶನದ ವಿಷಯ ಹೇಳಿದೆ; ನಿಮ್ಮವರ ಕವಂದಿಗಳನ್ನು ಅಲ್ಲಿ ದೊಡ್ಡ ದೊಡ್ಡ ಗೋಡೆಗಳಿಗೆ ತೂಗುಹಾಕಿ, ದೀಪ ಬಿಟ್ಟು, ಜನರು ನಿಂತು ನೋಡಿದರು ಎಂದೆ. ಅವಳು ಸೂಜಿಯನ್ನು ಬಟ್ಟೆಗೆ ಚುಚ್ಚಿ ನಿಲ್ಲಿಸಿ ಗಟ್ಟಿಯಾಗಿ ನಕ್ಕಳು.

“ಗ್ವಾಡಿಗೂ ಥಂಡಿ ಹತ್ತತೈತೇನ್ರಿ ಅಕ್ಕಾರ, ಆ ದೇಶದಾಗ?”

ಒಳಗಿನಿಂದ ಮಗಳೂ ನಕ್ಕಳು. ನಗು ಮುಗಿದ ಮೇಲೆ ಮುದುಕಿ ಹಲ್ಲಿನಿಂದ ದಾರವನ್ನು ಕಡಿದು, ಹೊಸ ಎಳೆಯನ್ನು ಬೆಳಕಿಗೆ ಹಿಡಿದು ಸೂಜಿಗೆ ಪೋಣಿಸುತ್ತ, ನನ್ನ ಕಡೆಗೆ ನೋಡದೆ ಕೇಳಿದಳು.

“ನಾಕೂ ಮೂಲಿ ಹೂವ ಕಾಣೂವಂಗ ಹಾಕಿದ್ರಿಲ್ಲೋ?”